ಮನಸ್ಸಿನ ಕಾಯಿಲೆ ಮತ್ತು ಕುಡಿತದ ವಿಚಾರಣೆ



ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂಬುದು ನಿಮಗೆ ತಿಳಿದ ಸಂಗತಿ. ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ಇಂಥದೇ ಪರೀಕ್ಷೆಯೊಂದು ಅವಶ್ಯ. ನಿದ್ರೆ ಬಾರದವರು, ಮಂಕಾಗಿ ಕೂರುವವರು, ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆನ್ನುವವರು ಆಸ್ಪತ್ರೆಗೆ ಬಂದಾಗ, ಅವರು ಕುಡಿಯುವರೇ, ಕುಡಿದರೆ ಎಷ್ಟು ಎಂಬುದನ್ನು ವೈದ್ಯರು ತಿಳಿಯಬೇಕು. ಕುಡಿತವು ಬೇಸರವನ್ನು ಹೆಚ್ಚಿಸುತ್ತದೆ, ನಿದ್ರೆಯನ್ನು ಕೆಡಿಸುತ್ತದೆ, ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತದೆ. ಪ್ರಾಣ ಕಳೆದುಕೊಳ್ಳುವ ಯೋಚನೆಯುಳ್ಳವರಿಗೆ ಅದು ಇನ್ನೂ ಅಪಾಯಕರ.

ಹಳ್ಳಿಯ ಹತ್ತಿರವೇ ಮಾನಸಿಕ ಚಿಕಿತ್ಸೆ ದೊರೆಯಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು. ಅದರ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಹತ್ತು ಪ್ರಶ್ನೆಗಳು

ಕುಡಿತವನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯು 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿದೆ. ಆಸ್ಟ್ರೇಲಿಯಾ, ಬಲ್ಗೇರಿಯಾ, ಕೀನ್ಯಾ, ಮೆಕ್ಸಿಕೋ, ನಾರ್ವೆ, ಅಮೆರಿಕ ಎಂಬ ಆರು ದೇಶಗಳ ರೋಗಿಗಳನ್ನು ವಿಚಾರಿಸಿ ಇದನ್ನು ರೂಪಿಸಿದರು. ಒಟ್ಟು ಅಂಕ 40. ಅಂಕ 8 ಅಥವಾ ಹೆಚ್ಚಾದರೆ ಕುಡಿತ ಅಪಾಯದ ದಾರಿ ಹಿಡಿದಿದೆ ಎಂದು ಎಣಿಸುತ್ತಾರೆ. 20 ಅಥವಾ ಹೆಚ್ಚಾದರೆ ತಜ್ಞರು ನೋಡಬೇಕು.

ಪಟ್ಟಿ ಒಳ್ಳೆಯದೇ. ಆದರೆ ಕೇಳುವ ಕ್ರಮ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ತಾಂಡಾದ ಲಂಬಾಣಿಗರು, ಹಾಡಿಯ ಜೇನುಕುರುಬರು, ಸೋಲಿಗರು, ಹೊರ ರಾಜ್ಯಗಳಿಂದ ಕೂಲಿಗೆ ಬಂದವರು, ಇವರ ಮನೆಮಾತು ಬೇರೆ. ಆದ್ದರಿಂದ ಇವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಗಮನಿಸತಕ್ಕ ಅಂಶಗಳು

1. ಅಳತೆ: ಪಟ್ಟಿಯಲ್ಲಿ 'ಒಂದು ಅಳತೆ' ಎಂದರೆ 10 ಗ್ರಾಂ ಮದ್ಯಸಾರ. ಅಂಗಡಿಯ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ 30 ಮಿಲಿಲೀಟರಿಗೆ ಸುಮಾರು ಇಷ್ಟಿರುತ್ತದೆ. ಹಾಗಾದರೆ 90ರ ಪೊಟ್ಟಣ ಮೂರು ಅಳತೆ, 180ರ ಕ್ವಾರ್ಟರ್ ಆರು ಅಳತೆ. "ದಿನಕ್ಕೆ ಒಂದೇ" ಎಂದವನ ಮಾತು ಕ್ವಾರ್ಟರಿನ ಮಾತಾದರೆ ಅದು ಒಂದಲ್ಲ, ಆರು. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650ರ ಬಾಟಲಿ ಸುಮಾರು ನಾಲ್ಕು ಅಳತೆ. ಕಳ್ಳಭಟ್ಟಿಯ ಖಾರ ಇಷ್ಟೇ ಎಂದು ಹೇಳಲಾಗದು; ಆದ್ದರಿಂದ ಯಾವ ಲೋಟ, ಎಷ್ಟು ಲೋಟ ಎಂದೇ ಕೇಳಬೇಕು.

2. ಮಾತು: ರೋಗಿಯ ಮನೆಮಾತು ಬಲ್ಲ ಆಶಾ ಕಾರ್ಯಕರ್ತೆಯೋ ದಾದಿಯೋ ಕೇಳುವುದು ಲೇಸು. ಮಗನ ಬಾಯಿಂದ ತಾಯಿಯ ಕುಡಿತವನ್ನು ಕೇಳಿಸಬಾರದು. ಮಗುವಿಗೂ ಸಂಕಟ, ಉತ್ತರವೂ ಸರಿ ಬಾರದು.

3. ಪೂರ್ವಗ್ರಹ: "ಆ ಜನವೆಲ್ಲ ಕುಡುಕರು" ಎಂದು ಬಗೆದರೆ ದೊಡ್ಡ ಅನ್ಯಾಯವಾಗುತ್ತದೆ. ಕುಡಿಯದವನಿಗೆ ಬಂದ ಮನೋರೋಗವನ್ನು ಕುಡಿತದ ಅಮಲೆಂದು ಹೇಳಿ ಹಿಂದಕ್ಕೆ ಕಳುಹಿಸಿದಂತಾಗುತ್ತದೆ. "ದೊಡ್ಡ ಮನೆಯವರು, ಹೆಂಗಸರು, ಇವರನ್ನು ಕೇಳುವುದೇ?" ಎಂದು ಬಿಡುವುದೂ ಅಷ್ಟೇ ತಪ್ಪು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಮರ್ಯಾದೆ ಇರಲಿ.

4. ಗುಟ್ಟು: ನಿಮ್ಮ ಹೊಲಕ್ಕೆ ಬರುವ ಆಳನ್ನು ಆಸ್ಪತ್ರೆಗೆ ಕರೆದೊಯ್ದರೆ ಬಹಳ ಸಂತೋಷ. ಆದರೆ ವಿಚಾರಣೆಯ ವೇಳೆ ನೀವು ಹೊರಗೆ ಕುಳಿತಿರಿ. ಧಣಿ ಪಕ್ಕದಲ್ಲಿದ್ದರೆ, ಕೂಲಿ ಎಲ್ಲಿ ತಪ್ಪೀತೋ ಎಂಬ ಭಯದಿಂದ ಆತ ನಿಜ ಹೇಳಲಾರ.

ಮುಖ್ಯ ಎಚ್ಚರಿಕೆ

ಬಹುಕಾಲದಿಂದ ದಿನವೂ ಹೆಚ್ಚಾಗಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿರಿ. ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸು, ಬುದ್ಧಿಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ವೈದ್ಯರ ಸಲಹೆಯಂತೆಯೇ ಬಿಡಿಸಬೇಕು. ಫಿಟ್ಸು ಬಂದರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಸಲಹೆ ಬೇಕಾದವರು 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಫೋನು ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಕೂಟದಲ್ಲಿ ಚರ್ಚಿಸಿರಿ

1. ನಮ್ಮೂರಿನ ಒಂದು ಲೋಟ ಎಷ್ಟು ಅಳತೆಗೆ ಸಮ?
2. ತಾಂಡಾ, ಹಾಡಿಗಳ ಮಾತು ಬಲ್ಲವರು ನಮ್ಮ ಆಸ್ಪತ್ರೆಯಲ್ಲಿ ಇರುವರೇ? ಇಲ್ಲವಾದರೆ ಪಂಚಾಯತಿಯಿಂದ ಏನು ಮಾಡಬಹುದು?
3. ಕೂಲಿಯ ಬದಲು ಹೆಂಡ ಕೊಡುವ ರೂಢಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ನಿಲ್ಲಿಸುವ ಬಗೆ ಯಾವುದು?