ಪುಡಿಹಿಮದ ಊರಿನಲ್ಲಿ ಹನ್ನೆರಡು ದಿನ

ನಮ್ಮ ಅಫಜಲಪುರದ ಸೀಮೆಯಲ್ಲಿ ಹಿಮವೆಂಬುದು ಪಾಠಪುಸ್ತಕದ ಮಾತೇ ಹೊರತು ಕಣ್ಣಾರೆ ಕಂಡ ವಸ್ತುವಲ್ಲ. ಬೇಸಿಗೆಯಲ್ಲಿ ಉಷ್ಣಮಾಪಕವು ೪೪ ಡಿಗ್ರಿಯನ್ನು ಮುಟ್ಟುವ ಈ ಎರೆಭೂಮಿಯ ಮಕ್ಕಳು ಆಕಾಶದಿಂದ ಬೆಳ್ಳಗೆ ಬೀಳುವುದನ್ನು ಕಂಡಿದ್ದರೆ ಅದು ಆಣೆಕಲ್ಲು ಮಾತ್ರ. ಅದು ಬಂದರೆ ಬೆಳೆಗೆ ಕೇಡು. "ಅಕ್ಕಾವರೇ, ಹಿಮ ಹೇಗಿರುತ್ತದೆ?" ಎಂದು ಭೂಗೋಳದ ತರಗತಿಯಲ್ಲಿ ಕೇಳಿದವರಿಗೆಲ್ಲ ನಾವು ಬಹುಕಾಲ ಪುಸ್ತಕ ನೋಡಿಯೇ ಉತ್ತರ ಹೇಳಿದೆವು. ಆದಕಾರಣ ೨೦೨೪ನೆಯ ಇಸವಿಯ ಜನವರಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಐವರು ಹಿಮದ ಮೇಲೆ ಜಾರುವ ವಿದ್ಯೆಯನ್ನು ಕಲಿಯಲು ಕಾಶ್ಮೀರದ ಗುಲ್ಮರ್ಗಕ್ಕೆ ಹೊರಟು ನಮ್ಮನ್ನೂ ಕರೆದಾಗ, ವಯಸ್ಸನ್ನು ನೆನೆಯದೆ ಒಪ್ಪಿಕೊಂಡೆವು.

ಹೆಣ್ಣುಮಕ್ಕಳನ್ನು ಅಷ್ಟು ದೂರ, ಅಷ್ಟು ಚಳಿಗೆ, ಅಂಥ ಆಟಕ್ಕೆ ಕಳುಹಿಸಬಹುದೇ ಎಂದು ಅನೇಕ ಪೋಷಕರು ಅಂದಿನಿಂದಲೂ ನಮ್ಮನ್ನು ಕೇಳುತ್ತಿರುವರು. ೨೦೨೫ರ ಏಪ್ರಿಲ್ ೨೨ರಂದು ಪಹಲ್‌ಗಾಮದಲ್ಲಿ ೨೬ ಜನರು ಕೊಲೆಯಾದ ಮೇಲೆ, ಅವರಲ್ಲಿ ಕರ್ನಾಟಕದವರೂ ಇದ್ದುದರಿಂದ, ತಾಯಂದಿರ ಅಂಜಿಕೆಯು ಇಮ್ಮಡಿಯಾಗಿದೆ. ಆ ಅಂಜಿಕೆಗೆ ಸಮಾಧಾನ ಹೇಳುವ ಅಧಿಕಾರವು ನಮಗಿಲ್ಲ. ಹಿಮದ ವಿಷಯವಾದ ಅಂಜಿಕೆಯ ಬಗ್ಗೆ ಮಾತ್ರ ಕಂಡು ಕೇಳಿ ಕಲಿತಷ್ಟನ್ನು ಹೇಳುವೆವು.

ಆಗ ಕಲಬುರ್ಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೂ, ಅಲ್ಲಿಂದ ಜಮ್ಮುವಿಗೂ ಹೋಗಿ, ಮುಂದೆ ಮೋಟಾರಿನಲ್ಲಿ ಘಟ್ಟವನ್ನೇರಬೇಕಾಯಿತು. ಈಗ ಹಾಗಿಲ್ಲ, ೨೦೨೫ರ ಜೂನ್ ೬ರಂದು ಕಟರಾದಿಂದ ಶ್ರೀನಗರಕ್ಕೆ ರೈಲು ಆರಂಭವಾಗಿ, ಚಿನಾಬ ನದಿಯ ಮೇಲೆ ೩೫೯ ಮೀಟರ ಎತ್ತರದ ಸೇತುವೆಯನ್ನು ದಾಟುತ್ತದೆ. ಶ್ರೀನಗರದಿಂದ ತಂಗಮರ್ಗದ ಮಾರ್ಗವಾಗಿ ಗುಲ್ಮರ್ಗವು ಸುಮಾರು ೫೦ ಕಿಲೋಮೀಟರ.

ಗುಲ್ಮರ್ಗವು ಪೀರಪಂಜಾಲ ಪರ್ವತಗಳ ಮಡಿಲಿನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೨,೬೫೦ ಮೀಟರ ಎತ್ತರದಲ್ಲಿರುವ ಒಂದು ಹುಲ್ಲುಗಾವಲು. ಹೆಸರಿನ ಅರ್ಥವು ಹೂವಿನ ಬಯಲು. ಇಂಗ್ಲಿಷರು ೧೯೨೭ರಲ್ಲಿ ಇಲ್ಲಿ ಭಾರತದ ಸ್ಕೀ ಸಂಘವನ್ನು ಸ್ಥಾಪಿಸಿದರು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಜಾರುಹಲಿಗೆ. ಇಲ್ಲಿಗೆ ಹಿಮವನ್ನು ತರುವುದು ನಮ್ಮ ಮುಂಗಾರು ಅಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ, ಅಫಘಾನಿಸ್ತಾನಗಳನ್ನು ದಾಟಿ ಬರುವ ಮೋಡಗಳು ಈ ಪರ್ವತಗಳಿಗೆ ತಾಗಿ ಮೇಲೇರಿ, ತಣ್ಣಗಾಗಿ, ಹಿಮವನ್ನು ಸುರಿಸುವುವು. ಡಿಸೆಂಬರ್ ೨೧ರಿಂದ ನಲವತ್ತು ದಿನಗಳ ಕಡುಚಳಿಗೆ ಕಾಶ್ಮೀರಿಗಳು ಚಿಲ್ಲಾಯ್ ಕಲಾನ್ ಎನ್ನುವರು. ಹಿಮವು ತಪ್ಪದೆ ಬೀಳಬೇಕಾದ ಕಾಲವು ಅದೇ.

ಆ ವರ್ಷ ತಪ್ಪಿತು. ನಾವು ತಲಪಿದಾಗ ಬಯಲೆಲ್ಲ ಒಣಹುಲ್ಲಿನ ಬಣ್ಣ. ಕುದುರೆಯವರೂ ಹಿಮಬಂಡಿ ಎಳೆಯುವವರೂ ಕಂಗ್ರಿಯನ್ನು, ಅಂದರೆ ಕೆಂಡದ ಬುಟ್ಟಿಯನ್ನು, ನಿಲುವಂಗಿಯೊಳಗೆ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದರು. ಮಳೆ ಬಾರದ ಜೂನ್ ತಿಂಗಳಿನಲ್ಲಿ ನಮ್ಮ ಒಕ್ಕಲಿಗರು ಮುಗಿಲು ನೋಡುವ ಮುಖವನ್ನೇ ಅಲ್ಲಿಯೂ ಕಂಡೆವು. ಐವರಲ್ಲಿ ಕಿರಿಯವಳಂತೂ, ಕೂಡಿಸಿದ ಸಂಬಳವೆಲ್ಲ ಹುಲ್ಲು ನೋಡಲಿಕ್ಕೆ ಹೋಯಿತೆಂದು ಅಳುವುದೊಂದು ಬಾಕಿ.

ಆ ಬರಿಯ ದಿನಗಳನ್ನು ಊರು ನೋಡುವುದರಲ್ಲಿ ಕಳೆದೆವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿದ ಸೇಂಟ್ ಮೇರಿ ದೇವಾಲಯವು ದೇವದಾರುಗಳ ಮುಂದೆ ಒಂಟಿಯಾಗಿ ನಿಂತಿದೆ. ಬಹುಕಾಲ ಮುಚ್ಚಿದ್ದು, ದುರಸ್ತಿಯಾದ ಮೇಲೆ ೨೦೦೩ರಲ್ಲಿ ಅಲ್ಲಿ ಮತ್ತೆ ಕ್ರಿಸ್ಮಸ್ ಆರಾಧನೆ ನಡೆಯಿತು. ಇಳಿಜಾರಿನ ಕೆಳಗೆ ಹದಿನೈದನೆಯ ಶತಮಾನದ ಸಂತ ಬಾಬಾ ರೇಶಿಯ ದರ್ಗಾ ಉಂಟು. ಗಾಣಗಾಪುರಕ್ಕೆ ನಮ್ಮವರು ಹೋಗುವಂತೆ ಅಲ್ಲಿಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುವರು. ಬಯಲಿನ ನಡುವಣ ದಿನ್ನೆಯ ಮೇಲೆ ೧೯೧೫ರಲ್ಲಿ ಕಟ್ಟಿಸಿದ ಮಹಾರಾಣಿಯ ಶಿವಾಲಯವನ್ನೂ ನೋಡಿದೆವು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಅದರ ಮರದ ಕಟ್ಟಡವು ಬೆಂಕಿಗೆ ತುತ್ತಾಯಿತೆಂದು ಓದಿದಾಗ, ಅದರ ಮೆಟ್ಟಿಲ ಮೇಲೆ ಕುಳಿತು ಉಪ್ಪಿನ ಚಹಾ ಕುಡಿದದ್ದು ನೆನಪಿಗೆ ಬಂತು. (ಆ ಚಹಾ ನಮಗೆ ಸೇರಲಿಲ್ಲವೆಂಬುದನ್ನು ಮುಚ್ಚಿಡಲಾರೆವು.)

ತಿಂಗಳ ಕೊನೆಗೆ ಒಂದು ರಾತ್ರಿ ಸದ್ದೆಲ್ಲ ಅಡಗಿತು. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಿಗೆ ಹಿಮ! ಐವರೂ ಚಿಕ್ಕ ತರಗತಿಯ ಮಕ್ಕಳಂತೆ ಹೊರಗೆ ಓಡಿದರು.

ಪುಡಿಹಿಮವೆಂದರೇನು? ಬೀಸುಕಲ್ಲಿನ ಸುತ್ತ ಆಗತಾನೆ ಉದುರಿದ ಜೋಳದ ಹಿಟ್ಟನ್ನು ನೆನೆಯಿರಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದು, ಊದಿದರೆ ಹಾರುವುದು. ನೀರು ಬಿದ್ದರೆ ಮಾತ್ರ ಮುದ್ದೆಯಾಗುವುದು. ಹಿಮವೂ ಹಾಗೆಯೇ. ಗಾಳಿ ಬೆಚ್ಚಗಿದ್ದರೆ ತೇವದಿಂದ ಅಂಟಿಕೊಳ್ಳುವುದು. ಕಡುಚಳಿಯಲ್ಲಿ ಒಣಗಿ ಬಿದ್ದರೆ ಪುಡಿಯಾಗಿಯೇ ನಿಲ್ಲುವುದು. ಒಂದು ಘನಮೀಟರ ನೀರು ೧,೦೦೦ ಕಿಲೋಗ್ರಾಂ ತೂಗುವಲ್ಲಿ ಅಷ್ಟೇ ಜಾಗದ ಹೊಸ ಪುಡಿಹಿಮವು ೫೦ರಿಂದ ೧೦೦ ಕಿಲೋಗ್ರಾಂ ತೂಗಬಹುದು; ಉಳಿದುದೆಲ್ಲ ಗಾಳಿ. ಬೂಟುಗಾಲಿನಲ್ಲಿ ನಡೆದರೆ ತೊಡೆಯವರೆಗೆ ಹೂತುಹೋಗುವೆವು. ಅಗಲವಾದ ಸ್ಕೀ ಹಲಿಗೆಗಳು ಭಾರವನ್ನು ಹಂಚುವುದರಿಂದ ಮನುಷ್ಯನು ತೇಲುವನು. ತುಳಿದು ಗಟ್ಟಿಯಾದ ದಾರಿಯಲ್ಲಿ ತಿರುಗುವಾಗ ಹೊರಗಾಲಿನ ಮೇಲೆ ಭಾರ ಹಾಕುವರು. ಪುಡಿಹಿಮದಲ್ಲಿ ಎರಡು ಕಾಲುಗಳ ಮೇಲೂ ಸಮನಾಗಿ ನಿಲ್ಲಬೇಕು, ಇಲ್ಲವಾದರೆ ಒಂದು ಹಲಿಗೆ ಮುಳುಗುವುದು. ನಮ್ಮ ಹಲಿಗೆಯಂತೂ ಮುಳುಗಿತು. ನಮ್ಮನ್ನು ಇಬ್ಬರು ಎತ್ತಬೇಕಾಯಿತು. ಸರಕಾರದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯೊಂದು ಗುಲ್ಮರ್ಗದಲ್ಲಿಯೇ ಇದೆ; ಸ್ಥಳೀಯ ಶಿಕ್ಷಕರೂ ಇರುವರು. ನಮಗೆ ಕಲಿಸಿದವರು ಒಬ್ಬ ಹಿರಿಯ ಕಾಶ್ಮೀರಿ.

ನಾಲ್ಕನೆಯ ದಿನ ಕಿರಿಯವಳು ಹಟ ಹಿಡಿದಳು. ಬಯಲಿನಿಂದ ಕೊಂಗಡೂರಿಗೂ, ಅಲ್ಲಿಂದ ಅಫರ್ವತ ಶಿಖರದ ಮಗ್ಗುಲಿಗೂ, ಸುಮಾರು ೩,೯೫೦ ಮೀಟರ ಎತ್ತರಕ್ಕೆ, ತಂತಿಯ ಮೇಲೆ ತೂಗುವ ಗೊಂಡೊಲಾ ಹೋಗುತ್ತದೆ. ಮೇಲಿನ ಭಾಗವು ೨೦೦೫ರಲ್ಲಿ ಆರಂಭವಾಯಿತು. ಪರದೇಶದವರು ಬರುವುದು ಆ ಎತ್ತರದ ತುಳಿಯದ ಪುಡಿಹಿಮಕ್ಕಾಗಿಯೇ. ತಾನೂ ಅಲ್ಲಿಂದ ಜಾರಬೇಕೆಂದಳು. ಶಿಕ್ಷಕರು, "ಇಲ್ಲ ಬೇಟಿ, ಈ ಹಿಮ ಇನ್ನೂ ಕೂತಿಲ್ಲ," ಎಂದುಬಿಟ್ಟರು. ನಾವೂ ಮನಸ್ಸಿನಲ್ಲಿ, ಕೆಲಸ ತಪ್ಪಿಸಿಕೊಳ್ಳುವ ಮಾತೇನೋ ಎಂದುಕೊಂಡೆವು. ಆ ಸಂಶಯಕ್ಕಾಗಿ ಈಗ ನಾಚುತ್ತೇವೆ.

ಸಂಜೆ ಅವರು ಒಲೆಯ ಬಳಿ ಕುಳಿತು ತಿಳಿಸಿದ ಪಾಠವನ್ನು ನಮ್ಮ ಕಣದ ಮಾತಿನಲ್ಲಿ ಹೇಳುವೆವು. ಜೋಳದ ರಾಶಿ ಮಾಡುವಾಗ ಒಂದು ಓರೆಯವರೆಗೆ ಕಾಳು ನಿಲ್ಲುವುದು. ಮೀರಿದರೆ ಒಂದು ಬೊಗಸೆ ಸುರಿದರೂ ಪಕ್ಕವೆಲ್ಲ ಜಾರುವುದು. ದೊಡ್ಡ ಹಿಮಕುಸಿತಗಳು ಹೆಚ್ಚಾಗಿ ೩೦ರಿಂದ ೪೫ ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿಯೇ ಆಗುವುವು. ಜಾರಲು ಸೊಗಸಾದ ಇಳಿಜಾರುಗಳೂ ಅವೇ! ಇದಲ್ಲದೆ, ಒಣ ಚಳಿಗಾಲದಲ್ಲಿ ಮೇಲೆ ತೆಳ್ಳಗೆ ಬಿದ್ದ ಹಳೆಯ ಹಿಮವು ಸುಮ್ಮನಿರುವುದಿಲ್ಲ. ಕೆಳಗಣ ನೆಲವು ಬೆಚ್ಚಗೆ, ಮೇಲಣ ಗಾಳಿಯು ಕಡುತಣ್ಣಗೆ ಇರುವುದರಿಂದ ಆವಿಯು ಹಿಮದೊಳಗಿಂದ ಏರುತ್ತ, ಹರಳುಗಳನ್ನು ಸಕ್ಕರೆಯ ಕಾಳಿನಂತೆ ಮಾಡುವುದು. ಅವು ಒಂದಕ್ಕೊಂದು ಅಂಟುವುದಿಲ್ಲ. ಆ ಸಕ್ಕರೆಯ ಮೇಲೆ ಎರಡು ಮೂರು ಅಡಿ ಹೊಸ ಹಿಮವು ಬಿದ್ದು, ಗಾಳಿಯ ಹೊಡೆತಕ್ಕೆ ಹಾಸುಗಲ್ಲಿನಂತೆ ಕೂಡಿಕೊಂಡರೆ, ಒಬ್ಬ ಮನುಷ್ಯನ ಭಾರವೇ ಅದನ್ನು ಸಡಿಲಿಸಬಹುದು. ನಾವು ಬಂದ ದಿನದ ಒಣಹುಲ್ಲೂ ಶಿಕ್ಷಕರ ನಿರಾಕರಣೆಯೂ ಒಂದೇ ಪಾಠದ ಎರಡು ಪುಟಗಳೆಂದು ಆಗ ತಿಳಿಯಿತು.

ಹೂತವರಿಗೆ ಮೊದಲ ಹದಿನೈದು ನಿಮಿಷಗಳೇ ಪ್ರಾಣ. ಅಷ್ಟರೊಳಗೆ ತೆಗೆದರೆ ಹೆಚ್ಚಿನವರು ಬದುಕುವರು, ಆಮೇಲೆ ಆಸೆಯು ಬೇಗ ಕ್ಷೀಣಿಸುವುದು. ಆದುದರಿಂದ ದಾರಿ ಬಿಟ್ಟು ಹೋಗುವ ಪ್ರತಿಯೊಬ್ಬರೂ ಸಂಕೇತ ಕೊಡುವ ಯಂತ್ರವನ್ನು ಮೈಗೆ ಕಟ್ಟಿಕೊಂಡು, ಚುಚ್ಚಿ ಹುಡುಕುವ ಕೋಲನ್ನೂ ಸಲಿಕೆಯನ್ನೂ ಒಯ್ಯತಕ್ಕದ್ದು. ಸಹಾಯವು ಕೆಳಗಿನಿಂದ ಬರುವಷ್ಟು ವೇಳೆ ಇರುವುದಿಲ್ಲ, ಜೊತೆಯವರೇ ಅಗೆಯಬೇಕು.

ಕಿರಿಯವಳು ಆ ಸಂಜೆ ನಮ್ಮೊಡನೆ ಮಾತಾಡಲಿಲ್ಲ. ಎರಡು ದಿನ ಬಯಲಿನ ಸಣ್ಣ ಇಳಿಜಾರಿನಲ್ಲಿಯೇ ಜಾರಿ, ನಾವೆಲ್ಲರೂ ಊರಿಗೆ ಮರಳಿದೆವು.

ಫೆಬ್ರವರಿ ೨೨ರಂದು ಅಫರ್ವತದ ಇಳಿಜಾರಿನಲ್ಲಿ ಹಿಮವು ಕುಸಿದು ರಷ್ಯಾ ದೇಶದ ಸ್ಕೀ ಆಟಗಾರರ ಗುಂಪನ್ನು ಹೂತಿತು. ಒಬ್ಬರು ಸತ್ತರು, ಉಳಿದವರನ್ನು ಹೊರತೆಗೆದರು. ಹಿಂದಿನ ವರ್ಷ, ೨೦೨೩ರ ಫೆಬ್ರವರಿ ೧ರಂದು, ಅದೇ ಪರ್ವತದಲ್ಲಿ ಪೋಲೆಂಡಿನವರಿಬ್ಬರು ಸತ್ತಿದ್ದರು. ೨೦೨೪ರ ಅದೇ ವಾರ ಗುಲ್ಮರ್ಗದ ಬಯಲಿನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ನಡೆದಿದ್ದು, ಹಿಮವೇ ಬೀಳದ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಬಂಗಾರದ ಪದಕವನ್ನು ತಂದಳು. ೨೦೨೫ರಲ್ಲಿ ಚಿಲಿ ದೇಶದಲ್ಲಿ ಐದು ಕಿಲೋಮೀಟರಿನ ಓಟದಲ್ಲಿ ಕಂಚನ್ನೂ ಗೆದ್ದಳು. ಎರಡು ವಾರ್ತೆಗಳನ್ನೂ ನಾವು ಅಫಜಲಪುರದಲ್ಲಿ ಕುಳಿತು ಓದಿದೆವು.

ಅಂದು ರಾತ್ರಿ ಕಿರಿಯವಳು ನಮ್ಮ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಹೋಗುವಾಗ ಶಿಕ್ಷಕರ ವಿಳಾಸವನ್ನು ಕೇಳಿ ಬರೆದುಕೊಂಡಳು. ಬರುವ ಚಳಿಗಾಲದಲ್ಲಿ ಮತ್ತೆ ಹೋಗುವವಳಿದ್ದಾಳೆ. ಕೊಳ್ಳತಕ್ಕ ಸಾಮಾನುಗಳ ಪಟ್ಟಿಯನ್ನು ಮೊನ್ನೆ ತೋರಿಸಿದಳು. ಮೊದಲನೆಯ ಸಾಲಿನಲ್ಲಿ ಸಲಿಕೆ ಇತ್ತು.