ಮಳೆಕಾಡಿಗೆ ಒಯ್ಯಬೇಕಾದ ಲೆನ್ಸ್‌ಗಳು

ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಕಾಡಿಗೆ ಹೊರಡುವ ಛಾಯಾಗ್ರಾಹಕರಲ್ಲಿ ಹೆಚ್ಚಿನವರು, ಅಗಲ ನೋಟದ ಲೆನ್ಸ್‌ನಿಂದ ಹಿಡಿದು ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ಟೆಲಿ ಲೆನ್ಸ್‌ವರೆಗೆ ನಡುವೆ ಎಲ್ಲಿಯೂ ತೆರಪಿಲ್ಲದಂತೆ ಸಂಗಮದೂರಗಳನ್ನು ಜೋಡಿಸಿಕೊಂಡು ಚೀಲ ತುಂಬುತ್ತಾರೆ. ಸಂಗಮದೂರವೆಂದರೆ, ಬಹುದೂರದ ವಸ್ತುವಿನ ಬಿಂಬ ಸ್ಪಷ್ಟವಾಗಿ ಮೂಡುವಾಗ ಲೆನ್ಸ್‌ನ ದೃಕ್‌ಕೇಂದ್ರಕ್ಕೂ ಕ್ಯಾಮೆರಾದ ಸೆನ್ಸರಿಗೂ ನಡುವೆ ಇರುವ ಅಂತರ. ಅದು ಹೆಚ್ಚಿದಂತೆ ನೋಟದ ಕೋನ ಕಿರಿದಾಗಿ ವಸ್ತು ದೊಡ್ಡದಾಗಿ ಕಾಣುತ್ತದೆ. ಬೇಸಿಗೆಯ ಬಂಡೀಪುರದಲ್ಲಿ ಈ ಕ್ರಮದಿಂದ ಬೆನ್ನು ನೋಯುವುದನ್ನು ಬಿಟ್ಟರೆ ಹೆಚ್ಚಿನ ತೊಂದರೆಯಿಲ್ಲ. ಆದರೆ ಸುಮಾರು 650 ಮೀಟರ್ ಎತ್ತರದಲ್ಲಿದ್ದು, ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುವ ಆಗುಂಬೆಯಲ್ಲಿ, ಲೆನ್ಸ್ ಬದಲಿಸಿದಾಗಲೆಲ್ಲ ಕ್ಯಾಮೆರಾದ ಒಳಭಾಗ ನೀರಿಗೂ ತೇವದ ಗಾಳಿಗೂ ತೆರೆದುಕೊಳ್ಳುತ್ತದೆ. ಆದುದರಿಂದ ಕಾಡಿನೊಳಗೆ ಬದಲಿಸಲು ಧೈರ್ಯ ಬಾರದ ಲೆನ್ಸ್ ಚೀಲದಲ್ಲಿದ್ದೂ ಇಲ್ಲದಂತೆಯೇ. ಆಯ್ಕೆಯು ಮನೆಯಲ್ಲಿಯೇ ಮುಗಿದಿರಬೇಕು.

ಆಗುಂಬೆ ಕಾಳಿಂಗ ಸರ್ಪದಿಂದ ಹೆಸರಾದ ಊರು. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದ ಮೇಲೆ ಆ ಹೆಸರು ಇನ್ನಷ್ಟು ಹರಡಿತು. ಆ ಹಾವಿನ ಆಸೆಯಿಂದ ಎರಡು ಕಿಲೋಗ್ರಾಂ ಮೀರಿದ, 500 ಅಥವಾ 600 ಮಿ.ಮೀ. ತಲುಪುವ ಝೂಮ್ ಲೆನ್ಸ್‌ಗಳನ್ನು ಹೊತ್ತು ಬರುವವರು ಕಡಿಮೆಯೇನಲ್ಲ. ಆದರೆ ಮಳೆಗಾಲದ ಕಾಡು ದಿನವೂ ಮನಬಿಚ್ಚಿ ತೋರುವುದು ಬೇರೆಯದನ್ನೇ: ನೀರಿನ ಗುಂಡಿಯ ಮೇಲಿನ ಕೊಂಬೆಯಲ್ಲಿ ನೊರೆಗೂಡು ಕಟ್ಟುವ ಮಲಬಾರಿನ ಹಾರುವ ಕಪ್ಪೆ, ಕಣ್ಣಿಗೂ ಮೂಗಿಗೂ ನಡುವೆ ಶಾಖ ಗ್ರಹಿಸುವ ಗುಳಿಯುಳ್ಳ ಮಲಬಾರ್ ಪಿಟ್ ವೈಪರ್ ಎಂಬ ಹಾವು, ಕೊಳೆತ ದಿಮ್ಮಿಯ ಮೇಲಿನ ಅಣಬೆ, ಎಲೆಯಡಿಯ ಜೇಡ. ಇವೆಲ್ಲ ತೋಳಳತೆಯಿಂದ ಒಂದೆರಡು ಮೀಟರಿನ ಒಳಗೆ ಸಿಗುವ ಜೀವಿಗಳು. ಹೀಗಾಗಿ ಲೆನ್ಸ್ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕಿಂತ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂಬುದನ್ನು ಮೊದಲು ನೋಡಬೇಕೆಂಬುದು ಈ ಲೇಖಕನಿಗೆ ಮಲೆನಾಡಿನ ಮಳೆಗಾಲಗಳು ಕಲಿಸಿದ ಮುಖ್ಯ ಪಾಠವಾಗಿದೆ.

ಮ್ಯಾಕ್ರೊ ಲೆನ್ಸ್ ಎಂದರೆ ವಸ್ತುವಿನ ನಿಜವಾದ ಗಾತ್ರದಷ್ಟೇ ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸಬಲ್ಲ ಲೆನ್ಸ್. ಇದನ್ನು ಒಂದಕ್ಕೊಂದು ಅನುಪಾತವೆನ್ನುತ್ತಾರೆ. ಆದರೆ ಈ ಅನುಪಾತ ಎಲ್ಲದಕ್ಕೂ ಬೇಕಾಗುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲವಿರುವುದರಿಂದ, 8 ಸೆಂ.ಮೀ. ಉದ್ದದ ಹಾರುವ ಕಪ್ಪೆ ಚೌಕಟ್ಟನ್ನು ತುಂಬಲು ಅರ್ಧದಷ್ಟು ಅನುಪಾತವೂ ಬೇಡ. ಪೂರ್ಣ ಅನುಪಾತ ಇರುವೆಗೂ ಪುಟ್ಟ ಅಣಬೆಗೂ ಜೇಡದ ಕಣ್ಣುಗಳಿಗೂ ಮೀಸಲು. ಇಲ್ಲಿ ನಿರ್ಣಾಯಕವಾಗುವುದು ಲೆನ್ಸ್‌ನ ಮುಂತುದಿಗೂ ಜೀವಿಗೂ ನಡುವೆ ಉಳಿಯುವ ಜಾಗ. 60 ಮಿ.ಮೀ. ಮ್ಯಾಕ್ರೊ ಲೆನ್ಸ್ ಪೂರ್ಣ ಅನುಪಾತಕ್ಕೆ ಬಂದಾಗ ಈ ಜಾಗ 10 ಸೆಂ.ಮೀ.ನ ಆಸುಪಾಸಿಗೆ ಇಳಿದು, ಲೆನ್ಸ್‌ನ ನೆರಳೇ ಹುಳುವಿನ ಮೇಲೆ ಬೀಳತೊಡಗುತ್ತದೆ, 100 ಮಿ.ಮೀ. ಮ್ಯಾಕ್ರೊದಲ್ಲಿ ಅದಕ್ಕಿಂತ ತುಸು ಹೆಚ್ಚು ಅಂತರ ಸಿಗುವುದರಿಂದ ಫ್ಲಾಶ್‌ನ ಬೆಳಕಿಗೂ ದಾರಿಯಾಗುತ್ತದೆ. ವಿಷದ ಹಾವಿಗಂತೂ ಆ ಅಂತರವೂ ಸಾಲದು. ಸುಮಾರು ಒಂದು ಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಆಗುವ 100–400 ಮಿ.ಮೀ. ಝೂಮ್ ಲೆನ್ಸ್‌ಗಳು ಕೆಲವಿದ್ದು, ಅವುಗಳಲ್ಲಿ ದೊರೆಯುವ ಮೂರನೇ ಒಂದರಷ್ಟು ಅನುಪಾತದಲ್ಲಿ, ಹಾವನ್ನು ಕೆಣಕದೆಯೂ ಕೊಂಬೆಯನ್ನು ಬಗ್ಗಿಸದೆಯೂ ಅದರ ತಲೆಯ ಒಂದೊಂದು ಹುರುಪೆಯನ್ನೂ ಹಿಡಿಯಬಹುದು. ಜೀವಿಯ ನೆಮ್ಮದಿಯನ್ನು ಕಾಯುವ ಲೆನ್ಸೇ ಕಾಡಿಗೆ ತಕ್ಕ ಲೆನ್ಸ್ ಎಂಬುದರಲ್ಲಿ ಈ ಲೇಖಕನಿಗೆ ಅನುಮಾನವಿಲ್ಲ.

ಮಳೆಕಾಡಿನ ನಡುಹಗಲೂ ಮಬ್ಬುಗತ್ತಲೆಯಾದುದರಿಂದ, ಅಪರ್ಚರ್ ಅಂದರೆ ಬೆಳಕನ್ನು ಒಳಬಿಡುವ ಕಂಡಿ ದೊಡ್ಡದಿರುವ ಎಫ್/2.8 ಲೆನ್ಸ್‌ಗಳೇ ಬೇಕೆಂದು ವಾದಿಸುವವರಿದ್ದಾರೆ. ಸಂಗಮದೂರವನ್ನು ಆ ಕಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವುದೇ ಎಫ್ ಸಂಖ್ಯೆಯಾದುದರಿಂದ, ಉದ್ದ ಲೆನ್ಸ್‌ನಲ್ಲಿ ಸಣ್ಣ ಎಫ್ ಸಂಖ್ಯೆ ಬೇಕೆಂದರೆ ಗಾಜು ದಪ್ಪವಾಗಿ ತೂಕ ಏರಲೇಬೇಕು. ಹತ್ತಿರದ ಚಿತ್ರಣದಲ್ಲಿ ಆ ತೂಕಕ್ಕೆ ತಕ್ಕ ಫಲವಿಲ್ಲ, ಏಕೆಂದರೆ ಅಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರುಗಳಾಗಿ, ಎಫ್/8ಕ್ಕೋ ಎಫ್/11ಕ್ಕೋ ಇಳಿಯುವುದು ಅನಿವಾರ್ಯವಾಗುತ್ತದೆ. ಮೇಲಾಗಿ ಪೂರ್ಣ ಅನುಪಾತದಲ್ಲಿ ಎಫ್/8 ಎಂಬುದು ಬೆಳಕಿನ ಲೆಕ್ಕದಲ್ಲಿ ಎಫ್/16ರಂತೆ ವರ್ತಿಸುತ್ತದೆ. ಆದುದರಿಂದ ಆ ತೂಕದ ಬದಲಿಗೆ ಒಂದು ಸಣ್ಣ ಫ್ಲಾಶನ್ನೂ ಅದರ ಬೆಳಕನ್ನು ಮೃದುಗೊಳಿಸುವ ಬಿಳಿಯ ತೆರೆಯನ್ನೂ ಒಯ್ಯುವುದು ಮೇಲು.

ಹೀಗೆ ನೋಡಿದರೆ 100 ಮಿ.ಮೀ. ಮ್ಯಾಕ್ರೊ ಒಂದು, ಜೀವಿಯನ್ನು ಅದರ ಕಾಡಿನೊಂದಿಗೆ ತೋರಿಸಲು 24 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಲೆನ್ಸ್ ಒಂದು, ಇಷ್ಟೇ ಸಾಕಾಗುತ್ತದೆ. ಹಾವು ಹಕ್ಕಿಗಳೇ ಗುರಿಯಾಗಿದ್ದರೆ ಮಾತ್ರ ಮೇಲೆ ಹೇಳಿದ ಝೂಮ್ ಸೇರಬೇಕು. ಮ್ಯಾಕ್ರೊ ಕೊಳ್ಳುವ ಅನುಕೂಲವಿಲ್ಲದವರಿಗೆ ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸುವ ಗಾಜಿಲ್ಲದ ಟೊಳ್ಳು ಬಳೆ ಒದಗಿಬರುತ್ತದೆ: 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಬಳೆ ಸೇರಿಸಿದರೆ ಅರ್ಧ ಅನುಪಾತ ಸಿಗುತ್ತದೆ, ಬೂಷ್ಟು ಹಿಡಿಯಲು ಅದರಲ್ಲಿ ಗಾಜೂ ಇರುವುದಿಲ್ಲ.

ಚೀಲ ತುಂಬುವ ವಿಷಯದಲ್ಲಿ ಮಳೆಗೇ ಮೊದಲ ಸ್ಥಾನ. ಕ್ಯಾಮೆರಾ ಚೀಲದೊಂದಿಗೆ ಬರುವ ಮಳೆಹೊದಿಕೆ ಹೊರಮೈಯನ್ನಷ್ಟೇ ಮುಚ್ಚುತ್ತದೆ. ಬೆನ್ನಿನಗುಂಟ ಇಳಿಯುವ ನೀರು ಪಟ್ಟಿಗಳ ಹೊಲಿಗೆಯಿಂದ ಒಳಗೆ ಇಂಗಿ ತಳದಲ್ಲಿ ನಿಲ್ಲುತ್ತದೆ. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲವನ್ನು ಒಳಗಿಟ್ಟು, ಅದರೊಳಗೆ ಲೆನ್ಸ್‌ಗಳನ್ನಿಡುವುದೇ ಭದ್ರವಾದ ಕ್ರಮ. ಭಾರದ ಲೆನ್ಸ್ ಬೆನ್ನಿಗೆ ಒತ್ತಿಕೊಂಡಿರಬೇಕು, ಮೊದಲು ಬಳಸುವ ಲೆನ್ಸ್ ಹುಡ್ ಸಮೇತ ಕ್ಯಾಮೆರಾಕ್ಕೆ ಹತ್ತಿಕೊಂಡೇ ಇರಬೇಕು. ಒರೆಸುವ ಬಟ್ಟೆಗಳು ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿದ್ದು, ಒಮ್ಮೆ ಒದ್ದೆಯಾದುದು ಮತ್ತೆ ಲೆನ್ಸ್‌ಗಳಿರುವ ಕಡೆಗೆ ಮರಳಬಾರದು. ಇಂಬಳಕ್ಕೆಂದು ಕಾಲಿಗೆ ಹಚ್ಚುವ ಎಣ್ಣೆ, ಹೊಗೆಸೊಪ್ಪು, ಸುಣ್ಣಗಳನ್ನೂ ಪೇಟೆಯ ಮುಲಾಮುಗಳನ್ನೂ ಹೊರಜೇಬಿನಲ್ಲಿಯೇ ಇಟ್ಟು, ಹಚ್ಚಿದ ಕೈಯನ್ನು ತೊಳೆದ ನಂತರವೇ ಲೆನ್ಸ್ ಮುಟ್ಟಬೇಕು. ಡೀಟ್ ಎಂಬ ರಾಸಾಯನಿಕವಿರುವ ಮುಲಾಮು ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲುದು.

ನೀರಿಗಿಂತ ಮೆಲ್ಲನೆ, ಆದರೆ ಹೆಚ್ಚು ಆಳವಾಗಿ ಕೆಡಿಸುವುದು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ನಿಜವಾಗಿ ಇರುವ ಪಾಲು, ಶೇ. 70ನ್ನು ಮೀರಿ ದಿನಗಟ್ಟಲೆ ಉಳಿದರೆ, ಗಾಜಿನ ಮೇಲಿನ ದೂಳನ್ನೂ ಬೆರಳಿನ ಜಿಡ್ಡನ್ನೂ ಉಂಡು ಬೂಷ್ಟು ಬೆಳೆಯುತ್ತದೆ. ಅದು ಒಸರುವ ಆಮ್ಲ ಗಾಜಿನ ಲೇಪನವನ್ನು ಕೊರೆದರೆ ಆ ಗುರುತು ಮತ್ತೆ ಹೋಗುವುದಿಲ್ಲ. ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಬಟ್ಟೆಯನ್ನು ಒಲೆಯ ಬಳಿ ಒಣಗಿಸುವಂತೆ ಲೆನ್ಸನ್ನೂ ಅಲ್ಲಿಡಿ ಎಂದು ಅಕ್ಕರೆಯಿಂದ ಹೇಳುವವರಿದ್ದಾರೆ. ಆದರೆ ಹೊಗೆಯ ಜಿಡ್ಡು ಗಾಜಿಗೂ, ಶಾಖ ಒಳಗಿನ ಗ್ರೀಸಿಗೂ ಕೇಡು. ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳುಗಳನ್ನು ಹಾಕಿ, ಹೊರಮೈ ಒರೆಸಿದ ಲೆನ್ಸನ್ನು ಚರ್ಮದ ಕವಚದಿಂದ ತೆಗೆದು ರಾತ್ರಿಯಿಡೀ ಅದರಲ್ಲಿಡುವುದು ಒಳ್ಳೆಯದು. ಹರಳು ತೇವದಿಂದ ತಣಿದಾಗ ಕಿತ್ತಳೆಯದು ಹಸಿರಾಗುತ್ತದೆ, ನೀಲಿಯದು ನಸುಗೆಂಪಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಅದು ಮತ್ತೆ ಹಳೆಯ ಬಣ್ಣಕ್ಕೆ ಬರುತ್ತದೆ, ಆದರೆ ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಆ ಬಾಣಲೆಯನ್ನು ಅಡುಗೆಗೆ ಮರಳಿಸುವಂತಿಲ್ಲ. ಎ.ಸಿ. ಕಾರಿನಲ್ಲಿ ಬಂದವರು ಚೀಲದ ಬಾಯಿ ಬಿಚ್ಚದೆ ಅರ್ಧ ಗಂಟೆ ಹೊರಗಿಟ್ಟು ಕಾಯಬೇಕು, ಇಲ್ಲವಾದರೆ ತಣ್ಣನೆಯ ಗಾಜಿನ ಮೇಲೆ ಹೊರಗಿನ ಆವಿ ಕೂಡಲೇ ನೀರಾಗಿ ಕೂರುತ್ತದೆ. ಊರಿಗೆ ಮರಳಿದ ಮೇಲೆ ಲೆನ್ಸ್‌ನ ಅಪರ್ಚರನ್ನು ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ನೋಡುವುದನ್ನು ಆ ಮಳೆಗಾಲ ಮುಗಿಯುವವರೆಗೂ ಆಗಾಗ ಮಾಡಬೇಕು. ಜೇಡನ ಬಲೆಯಂಥ ಎಳೆಗಳು ಅಂಚಿನಲ್ಲಿ ಕಂಡರೆ, ಅವು ಲೇಪನಕ್ಕೆ ಇಳಿಯುವ ಮೊದಲೇ ರಿಪೇರಿಯವರ ಕೈಗೆ ಒಪ್ಪಿಸಿ, ಅಲ್ಲಿಯವರೆಗೆ ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಡಬ್ಬಿಯಲ್ಲಿಡಬೇಕು.