ಬಚ್ಚಲಿನ ಕರೆ

ಹೊಸಕೋಟೆ ತಾಲ್ಲೂಕಿನ ನಂದಗುಡಿಯ ಸುತ್ತಲಿನ ಮನೆಗಳಿಗೆ ಬಹುಮಟ್ಟಿಗೆ ಕೊಳವೆಬಾವಿಯ ನೀರೇ ಆಧಾರ. ಬಂಡೆಯ ಬಿರುಕುಗಳಲ್ಲಿ ತಂಗಿದ ಈ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಸಾಬೂನು ಈ ಲವಣಗಳೊಡನೆ ಕೂಡಿದಾಗ ನೊರೆಯಾಗದೆ, ನೀರಿನಲ್ಲಿ ಕರಗದ ಬಿಳಿಯ ಒತ್ತರವಾಗುತ್ತದೆ. ಬಚ್ಚಲಿನ ಗೋಡೆಗೆ ಅಂಟುವ ಕರೆ ಇದೇ. ಎಷ್ಟು ನೀರು ಸುರಿದರೂ ಅದು ಹೋಗದು. ನೀರೇ ಅದರ ತಾಯಿಯಲ್ಲವೆ!

ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದದ್ದು 1918ರಲ್ಲಿ. ಅದಕ್ಕೂ ಮೊದಲಿನಿಂದ ಬಳಕೆಯಲ್ಲಿದ್ದ ಸೀಗೆ, ಅಂಟುವಾಳಗಳ ನೊರೆ ಗಡಸು ನೀರಿನಲ್ಲಿಯೂ ಇಂಥ ಕರೆಯನ್ನು ಉಳಿಸುವುದಿಲ್ಲ.

ಕರೆಯನ್ನು ಬಿಡಿಸಲು ಹುಳಿ ಬೇಕು. ಹುಳಿಯು ಕ್ಯಾಲ್ಸಿಯಮ್ಮನ್ನು ಜಿಡ್ಡಿನಿಂದ ಬೇರ್ಪಡಿಸುತ್ತದೆ. ಸಾರಿಗೆ ಕಿವುಚಿ ಉಳಿದ ಹುಣಸೆಯನ್ನೋ ಹಿಂಡಿದ ನಿಂಬೆಯ ಹೋಳನ್ನೋ ಹಚ್ಚಿ, ಕಾಲು ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಹಿತ್ತಾಳೆಯ ಪಾತ್ರೆಗೆ ಹುಣಸೆಯನ್ನು ನಂಬುವವರು ಬಚ್ಚಲಿಗೆ ಮಾತ್ರ ಅಂಗಡಿಯ ಆಸಿಡ್ ತರುವುದು ವಿಚಿತ್ರ. ಆದರೆ ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ಹುಳಿ ಅದನ್ನೇ ತಿನ್ನುತ್ತದೆ. ಅಲ್ಲಿ ಬಿಸಿನೀರು, ಅಂಟುವಾಳಗಳೇ ಲೇಸು.

ಆಸಿಡ್ಡಾಗಲಿ ನಿಂಬೆಯಾಗಲಿ, ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಪುಟ್ಟ ಬಚ್ಚಲಿನಲ್ಲಿ ಅದು ಉಸಿರಾಟದ ನಾಳಗಳನ್ನು ಸುಡಬಲ್ಲದು.